ಮನೋರಾಜ್ಯದ ತಂಡವೂ ನಮ್ಮ ತರುಣರೂ

ಶನಿವಾರ ಅಪರಾಹ್ನ ಮೂರು ಗಂಟೆಯ ಹೊತ್ತಿಗೆ ಶಿವಾಜಿನಗರದ ಫರ್ಗ್ಯೂಸನ್ ಕಾಲೇಜು ರಸ್ತೆಯ ಯಾವುದಾದರೊಂದು ಉಪಾಹಾರಗೃಹದಲ್ಲಿ ಕುಳಿತು ನೆರೆಯ ಮೇಜಿನ ಕಡೆಗೆ ಕಿವಿಗೊಟ್ಟರೆ ಒಂದು ವಿಚಿತ್ರವಾದ ಸಂಭಾಷಣೆ ಕೇಳಿಬರುವುದುಂಟು. "ಅವನನ್ನು ಮಾರಿಬಿಟ್ಟೆಯಾ? ಇನ್ನೆರಡು ವಾರ ಇಟ್ಟುಕೊಳ್ಳಬಾರದಿತ್ತೇ ಮಾರಾಯ!" "ಕಾಲು ಉಳುಕಿದವನನ್ನು ಕಟ್ಟಿಕೊಂಡು ಏನು ಮಾಡಲಿ? ಬೆಲೆ ಇಳಿಯುವ ಮೊದಲೇ ಸಾಗಹಾಕಿದೆ." ಊರಿನ ದನದ ಸಂತೆಯನ್ನು ಕಂಡ ಹಿರಿಯರಿಗೆ ಇದು ಪರಿಚಿತವಾದ ಮಾತೆಂದೇ ತೋರೀತು. ಆದರೆ ಮಾತನಾಡುತ್ತಿರುವವರು ಕುಂದಾಪುರದ ಕಡೆಯಿಂದಲೋ ವಿಜಯಪುರದ ಕಡೆಯಿಂದಲೋ ಬಂದು ಪುಣೆಯಲ್ಲಿ ಓದುತ್ತ ಇಲ್ಲವೆ ದುಡಿಯುತ್ತ ಇರುವ ಕನ್ನಡದ ಹುಡುಗರು. ಮಾರಾಟವಾದದ್ದು ಇಂಗ್ಲೆಂಡಿನ ಯಾವುದೋ ಪಂಗಡದ ಒಬ್ಬ ಕಾಲ್ಚೆಂಡಾಟಗಾರ. ಸಂತೆ ನಡೆಯುವುದು ಅಂಗೈಯಗಲದ ಮೊಬೈಲಿನ ಮೇಲೆ. ಮೂರೂವರೆ ಆಗುತ್ತಲೇ ಸಂತೆ ಮುಗಿಯುತ್ತದೆ, ಮಾತು ನಿಲ್ಲುತ್ತದೆ, ಆರಿಹೋದ ಕಾಫಿಯ ನೆನಪಾಗುತ್ತದೆ.

ಈ ಆಟಕ್ಕೆ ಫ್ಯಾಂಟಸಿ ಫುಟ್‌ಬಾಲ್ ಎಂದು ಹೆಸರು. ನಮ್ಮ ಹಿಂದಿನವರು ಹಗಲುಗನಸಿಗೆ ಮನೋರಾಜ್ಯ ಎಂಬ ಸೊಗಸಾದ ಮಾತನ್ನು ಬಳಸುತ್ತಿದ್ದರು. ಅದು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಸಂಸ್ಥೆಯೇ 2002ರಿಂದ ನಡೆಸಿಕೊಂಡು ಬಂದಿರುವ ಆಟ ಇವುಗಳಲ್ಲೆಲ್ಲ ಹೆಚ್ಚು ಪ್ರಚಾರದಲ್ಲಿದೆ. ಇಂದು ಲೋಕದಾದ್ಯಂತ ಒಂದು ಕೋಟಿಗೂ ಮಿಕ್ಕ ಜನ ಇದನ್ನು ಆಡುತ್ತಾರೆ. ಆಡುವವನ ಕೈಗೆ 100 ಎಂಬ ಒಂದು ಕಲ್ಪಿತ ನಿಧಿಯನ್ನು ಕೊಡಲಾಗುತ್ತದೆ. ಅಷ್ಟರೊಳಗೆ ಇಬ್ಬರು ಗೋಲಿಗಳು, ಐವರು ರಕ್ಷಕರು, ಐವರು ನಡುವಣ ಆಟಗಾರರು, ಮೂವರು ಮುನ್ನುಗ್ಗುವವರು, ಹೀಗೆ 15 ಮಂದಿಯನ್ನು ಅವನು ಕೊಳ್ಳಬೇಕು. ಒಂದೇ ಪಂಗಡದಿಂದ ಮೂವರಿಗಿಂತ ಹೆಚ್ಚು ಮಂದಿಯನ್ನು ತೆಗೆದುಕೊಳ್ಳುವಂತಿಲ್ಲ. ಆ ಆಟಗಾರರು ನಿಜವಾದ ಪಂದ್ಯದಲ್ಲಿ ಗೋಲು ಹೊಡೆದರೆ, ಹೊಡೆಯಲು ನೆರವಾದರೆ, ಗೋಲು ಬಿಟ್ಟುಕೊಡದಿದ್ದರೆ ಇವನಿಗೆ ಅಂಕ. ಕೆಂಪು ಚೀಟಿ ಕಂಡರೆ ಮೂರು ಅಂಕ ಕಳೆಯಿತು. ಆಗಸ್ಟಿನಿಂದ ಮೇ ತಿಂಗಳವರೆಗೆ 38 ಸುತ್ತುಗಳ ಕಾಲ ಈ ಸಂಸಾರ ನಡೆಯಬೇಕು. ಪ್ರವೇಶಕ್ಕೆ ಕಾಸಿಲ್ಲ, ಗೆದ್ದವನಿಗೆ ಹಣದ ಥೈಲಿಯೂ ಇಲ್ಲ.

ಈಚೆಗೆ ನಮ್ಮವರ ಒಂದು ಕೂಟದಲ್ಲಿ ಈ ಪ್ರಸ್ತಾಪ ಬಂದಾಗ ಹಿರಿಯರೊಬ್ಬರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಟ್ಟರು: "ಇದೂ ಒಂದು ಮಟ್ಕಾ." ಕೂಡಿದವರಲ್ಲಿ ಅನೇಕರು ತಲೆದೂಗಿದರು. ಆ ಹಿರಿಯರ ಸದಾಶಯದಲ್ಲಿ ನನಗೆ ಸಂದೇಹವಿಲ್ಲ. ಆದರೆ ತೀರ್ಪು ಸರಿಯಲ್ಲವೆಂದು ವಿನಯಪೂರ್ವಕವಾಗಿ ಹೇಳಬೇಕಾಗಿದೆ. ಒಂದೇ ಹೆಸರಿನ ಕೆಳಗೆ ಎರಡು ಆಟಗಳು ಬೆಳೆದವು. ಒಂದು ಋತುವಿಡೀ ಸಾಕಿ ಸಲಹಬೇಕಾದದ್ದು. ಇನ್ನೊಂದು ಈ ದಿನ ಹಣ ಕಟ್ಟಿ ಈ ರಾತ್ರಿಯೇ ಲೆಕ್ಕ ತೀರಿಸುವಂಥದು. ಹಿರಿಯರು ಎರಡನ್ನೂ ಒಂದೇ ಬೆತ್ತದಿಂದ ಹೊಡೆದರೆ ಹುಡುಗರು ಎರಡನ್ನೂ ಮರೆಯಲ್ಲಿ ಆಡುತ್ತಾರೆ. ಅಷ್ಟೇ ಅದರ ಫಲ.

ಕೌಶಲವೋ ಅದೃಷ್ಟವೋ ಎಂಬ ಈ ಜಗಳ ಹಳೆಯದು, ಮತ್ತು ಅದರಲ್ಲಿ ಕನ್ನಡನಾಡಿಗೂ ಈ ಪ್ರಾಂತಕ್ಕೂ ಸಮಪಾಲು ಇದೆ. ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ಎಂಬ ಪತ್ರಿಕೆ ಬಹುಮಾನದ ಪದಬಂಧಗಳನ್ನು ನಡೆಸುತ್ತಿತ್ತು. ಅದರ ಗಿರಾಕಿಗಳು ಬಹಳ ಮಂದಿ ಅಂದಿನ ಮುಂಬಯಿ ರಾಜ್ಯದವರು. ಮುಂಬಯಿ ಸರಕಾರ ಅದಕ್ಕೆ ಪರವಾನಿಗಿಯನ್ನೂ ತೆರಿಗೆಯನ್ನೂ ವಿಧಿಸಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1957ರ ಏಪ್ರಿಲಿನಲ್ಲಿ ಚಾಮರಬಾಗವಾಲಾ ಪ್ರಕರಣವೆಂದು ಪ್ರಸಿದ್ಧವಾದ ತೀರ್ಪು ಹೊರಬಿತ್ತು. ಜೂಜು ವ್ಯಾಪಾರವಲ್ಲ ಎಂದೂ ಕೌಶಲವೇ ಪ್ರಧಾನವಾದ ಸ್ಪರ್ಧೆ ಜೂಜಲ್ಲ ಎಂದೂ ಅಂದು ಎಳೆದ ಗೆರೆಯನ್ನೇ ಮುಂದಿನ ನ್ಯಾಯಾಲಯಗಳು ಹಿಡಿದುಕೊಂಡು ಬಂದವು. ಅರುವತ್ತು ವರ್ಷಗಳ ಮೇಲೆ, 2017ರಲ್ಲಿ, ಪಂಜಾಬ್ ಮತ್ತು ಹರಿಯಾಣದ ಹೈಕೋರ್ಟು ಹಣದ ಫ್ಯಾಂಟಸಿ ಆಟವನ್ನು ಕೌಶಲದ ಆಟವೆಂದದ್ದು ಆ ಗೆರೆಯನ್ನು ನೆಚ್ಚಿಯೇ. ಕರ್ನಾಟಕ ಸರಕಾರ 2021ರಲ್ಲಿ ತಂದ ನಿಷೇಧವನ್ನು ಅಲ್ಲಿಯ ಹೈಕೋರ್ಟು 2022ರ ಫೆಬ್ರುವರಿಯಲ್ಲಿ ತಳ್ಳಿಹಾಕಿತು. ಕಟ್ಟಕಡೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಗೆರೆಯನ್ನೇ ಅಳಿಸಿತು. ಕೌಶಲವಿರಲಿ ಅದೃಷ್ಟವಿರಲಿ, ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟವನ್ನು ನಡೆಸುವವರಿಗೆ ಮೂರು ವರ್ಷಗಳವರೆಗಿನ ಸೆರೆವಾಸ, ಒಂದು ಕೋಟಿ ರೂಪಾಯಿಗಳವರೆಗಿನ ದಂಡ. ದೊಡ್ಡ ದೊಡ್ಡ ಕಂಪನಿಗಳು ಆ ತಿಂಗಳಲ್ಲೇ ಹಣದ ಪಂದ್ಯಗಳ ಅಂಗಡಿಯನ್ನು ಮುಚ್ಚಿದವು. ಕಾಸಿಲ್ಲದ ಆಟಕ್ಕೆ ಈ ಕಾಯಿದೆ ಕೈಹಾಕಲಿಲ್ಲ.

ಕಾಯಿದೆ ಬರುವ ಮೊದಲಿನ ಒಂದು ಸಂಗತಿಯನ್ನು ಹೇಳುತ್ತೇನೆ. ನನಗೆ ಪರಿಚಯದ ಒಬ್ಬ ಹುಡುಗ, ಶಿವಾಜಿನಗರದ ನಿಲ್ದಾಣದ ಆಚೆಗೆ ನಾಲ್ವರೊಡನೆ ಒಂದು ಕೋಣೆಯಲ್ಲಿದ್ದವನು, ದಿನಕ್ಕೆ 49 ರೂಪಾಯಿ ಕಟ್ಟಿ ಆಡುತ್ತಿದ್ದ. "ಎರಡು ದೋಸೆಯ ಹಣವೂ ಅಲ್ಲವಲ್ಲ" ಎಂಬುದು ಅವನ ಸಮಾಧಾನ. ಒಂದು ಭಾನುವಾರ ನಾವಿಬ್ಬರೂ ಕುಳಿತು ಲೆಕ್ಕ ಹಾಕಿದೆವು. ದಿನಕ್ಕೆ 49 ಎಂದರೆ ವರ್ಷಕ್ಕೆ 17,885. ನಡುವೆ ಗೆದ್ದದ್ದನ್ನು ಕಳೆದರೂ ಊರಿನಲ್ಲಿ ತಾಯಿಯ ಕಣ್ಣಿನ ಚಿಕಿತ್ಸೆಗೆಂದು ತೆಗೆದಿರಿಸಬೇಕಾಗಿದ್ದ ಹಣದಲ್ಲಿ ಹೆಚ್ಚಿನ ಪಾಲು ಹೋಗಿತ್ತು. ಅವನು ಅಂಕಿಯನ್ನು ಎರಡು ಸಲ ಕೂಡಿ ನೋಡಿದ, ಕಾಗದವನ್ನು ಮಡಿಸಿ ಕಿಸೆಯಲ್ಲಿಟ್ಟುಕೊಂಡ, ಏನನ್ನೂ ಹೇಳಲಿಲ್ಲ. ಅವನು ಆಡುತ್ತಿದ್ದದ್ದೂ ಹನ್ನೊಂದು ಮಂದಿಯ ಮನೋರಾಜ್ಯವೇ. ಆದರೆ ಆ ಆಟದಲ್ಲಿ ನಾಳೆ ಎಂಬುದಿರಲಿಲ್ಲ. ಇಂದು ಆರಿಸಿದವನನ್ನು ನಾಳೆ ಸಾಕಬೇಕಾಗಿಲ್ಲ, ತಪ್ಪು ಮಾಡಿದರೆ ಅದನ್ನು ಕಟ್ಟಿಕೊಂಡು ಬಾಳಬೇಕಾಗಿಲ್ಲ, ಇನ್ನೊಂದು 49 ಇಟ್ಟರೆ ಹೊಸ ತಂಡ. ಕೌಶಲವೆಂದು ನ್ಯಾಯಾಲಯಗಳು ಏನನ್ನು ಕರೆದವೋ, ಅದು ಬೆಳೆಯಲು ಬೇಕಾದ ಕಾಲಾವಧಿಯನ್ನೇ ಹಣದ ಆಟ ಕತ್ತರಿಸಿಹಾಕಿತ್ತು.

ಋತುವಿನ ತಂಡದ ನಿರ್ವಹಣೆ ಹಾಗಲ್ಲ. ನಾನು ಈ ಊರಿನಲ್ಲಿ ಬಹುಕಾಲ ಹೋಟೆಲಿನ ಗಲ್ಲಾದಲ್ಲಿ ಕುಳಿತವನು. ನನ್ನ ಸೋದರಳಿಯ ಮೊದಲ ಬಾರಿ ಈ ಆಟವನ್ನು ವಿವರಿಸಿದಾಗ ನನಗೆ ನಗು ಬಂತು. "ಇದು ನಾನು ಮೂವತ್ತು ವರ್ಷ ಮಾಡಿದ ಕೆಲಸವಲ್ಲವೇನೋ" ಎಂದೆ. ಉಡುಪಿ ಹೋಟೆಲನ್ನು ನಡೆಸುವವನು ಅಡುಗೆಭಟ್ಟರು, ಸಪ್ಲಾಯರು, ಕ್ಲೀನರು ಎಂದು ಹದಿನೈದು ಮಂದಿಯನ್ನು ಇಟ್ಟುಕೊಂಡಿರುತ್ತಾನೆ. ಎಲ್ಲರೂ ಒಂದೇ ಊರಿನವರಾದರೆ ಊರಿನ ಜಾತ್ರೆಗೆ ಎಲ್ಲರೂ ಒಟ್ಟಿಗೆ ರಜೆ ಕೇಳುತ್ತಾರೆ, ಅಂಗಡಿ ಮುಚ್ಚಬೇಕಾಗುತ್ತದೆ. ಒಂದೇ ಪಂಗಡದಿಂದ ಮೂವರಿಗಿಂತ ಹೆಚ್ಚು ಬೇಡವೆಂಬ ನಿಯಮದ ಮರ್ಮ ನನಗೆ ಥಟ್ಟನೆ ತಿಳಿಯಿತು. ಆಫ್ರಿಕಾ ಕಪ್ ಪಂದ್ಯಾವಳಿ ಬಂದಾಗ ಆ ಖಂಡದ ಆಟಗಾರರು ಋತುವಿನ ನಡುವೆ ವಾರಗಟ್ಟಲೆ ತಾಯ್ನಾಡಿಗೆ ಹೋಗುತ್ತಾರೆ. ಇದನ್ನು ನವೆಂಬರಿನಲ್ಲೇ ಎಣಿಸದಿದ್ದವನಿಗೆ ಜನವರಿಯಲ್ಲಿ ಹನ್ನೊಂದು ಮಂದಿ ಕೂಡಿಬರುವುದಿಲ್ಲ.

ಹಣದ ಹಂಚಿಕೆಯೂ ಹಾಗೆಯೇ. 2025-26ರ ಋತುವಿನ ಆರಂಭದಲ್ಲಿ ಲಿವರ್‌ಪೂಲಿನ ಮೊಹಮ್ಮದ್ ಸಲಾಹನ ಬೆಲೆ 14.5 ಇತ್ತು, ಮ್ಯಾಂಚೆಸ್ಟರ್ ಸಿಟಿಯ ಹಾಲಂಡನದು 14. ಇಬ್ಬರನ್ನೂ ಕೊಂಡವನಿಗೆ ಉಳಿದ ಹದಿಮೂರು ಮಂದಿಗೆ ತಲಾ ಐದೂವರೆ ಮಾತ್ರ ಉಳಿಯಿತು. ದೋಸೆಯ ಭಟ್ಟರಿಗೆ ರಾಜನ ಸಂಬಳ ಕೊಟ್ಟು ಸಾಂಬಾರಿಗೆ ಬೇಳೆ ಕೊಳ್ಳಲಾಗದ ಮಾಲಿಕರನ್ನು ನಾನು ಕಂಡಿದ್ದೇನೆ. ಸಲಾಹನು ಹಿಂದಿನ ಋತುವಿನಲ್ಲಿ, ಅಂದರೆ 2024-25ರಲ್ಲಿ, 344 ಅಂಕಗಳನ್ನು ಗಳಿಸಿಕೊಟ್ಟು ಈ ಆಟದ ಇತಿಹಾಸದಲ್ಲೇ ಯಾರೂ ಮುಟ್ಟದ ಎತ್ತರಕ್ಕೆ ಏರಿದ್ದ. ಆ ಖಾತೆಯನ್ನು ನೋಡಿ ಅವನನ್ನು ಕೊಂಡವರಿಗೆ ಮರುವರ್ಷದ ಮೊದಲ ತಿಂಗಳುಗಳಲ್ಲಿ ಅಂಥ ಫಲ ಸಿಗಲಿಲ್ಲ. ಕಳೆದ ವರ್ಷದ ಮಾವಿನ ಫಸಲನ್ನು ನೋಡಿ ಈ ವರ್ಷದ ತೋಟವನ್ನು ಗುತ್ತಿಗೆ ಹಿಡಿದಂತಾಯಿತು.

ಬದಲಾವಣೆಯ ನಿಯಮವನ್ನು ನಾನು ಈ ಆಟದ ತಿರುಳೆಂದು ತಿಳಿಯುತ್ತೇನೆ. ವಾರಕ್ಕೆ ಒಬ್ಬನನ್ನು ಬಿಟ್ಟು ಇನ್ನೊಬ್ಬನನ್ನು ತರಲು ಖರ್ಚಿಲ್ಲ. ಬಳಸದೆ ಬಿಟ್ಟರೆ ಆ ಹಕ್ಕು ಕೂಡುತ್ತ ಹೋಗುತ್ತದೆ, 2024-25ರಿಂದ ಐದರವರೆಗೆ ಕೂಡಿಡಬಹುದು. ಅದನ್ನು ಮೀರಿದ ಪ್ರತಿಯೊಂದು ಬದಲಾವಣೆಗೂ ನಾಲ್ಕು ಅಂಕ ದಂಡ. ಎಂದರೆ ಹೊಸಬನು ಹಳಬನಿಗಿಂತ ನಾಲ್ಕು ಅಂಕ ಹೆಚ್ಚು ತಂದರೆ ಮಾತ್ರ ಸರಿಸಮ, ಲಾಭ ಅದರಾಚೆ. ಒಂದು ಭಾನುವಾರ ಗೋಲು ಹೊಡೆಯಲಿಲ್ಲವೆಂದು ಸಿಟ್ಟಾಗಿ ವಾರಕ್ಕೊಂದು ಹೆಚ್ಚುವರಿ ಬದಲಾವಣೆ ಮಾಡುವವನು 37 ವಾರಗಳಲ್ಲಿ 148 ಅಂಕಗಳನ್ನು ಬರಿಯ ದಂಡವಾಗಿ ತೆರುತ್ತಾನೆ. ಬೆಲೆ ಏರಿದವನನ್ನು ಮಾರಿದರೂ ಏರಿಕೆಯ ಅರ್ಧ ಮಾತ್ರ ಕೈಗೆ ಬರುತ್ತದೆ. 7ಕ್ಕೆ ಕೊಂಡವನು 7.4 ಆದರೆ ಸಿಗುವುದು 7.2. ಬಿಸಿ ರಕ್ತದ ಹುಡುಗರಿಗೆ ಸೈರಣೆಯ ಬೆಲೆಯನ್ನು ಇಷ್ಟು ಸ್ಪಷ್ಟವಾದ ಅಂಕಿಗಳಲ್ಲಿ ಹೇಳುವ ಶಾಲೆ ನನಗೆ ಬೇರೆ ಕಂಡಿಲ್ಲ. ನಮ್ಮ ಉಪದೇಶಗಳಿಗಂತೂ ಆ ಶಕ್ತಿ ಇಲ್ಲ. ಹಾಗೆಂದು ಕೈಕಟ್ಟಿ ಕುಳಿತವನೂ ಗೆಲ್ಲುವುದಿಲ್ಲ. ತಂಡವಿಡೀ ಕೆಟ್ಟು ನಿಂತಾಗ ಋತುವಿನಲ್ಲಿ ಎರಡು ಬಾರಿ ವೈಲ್ಡ್‌ಕಾರ್ಡ್ ಎಂಬ ಅಸ್ತ್ರದಿಂದ ಹದಿನೈದು ಮಂದಿಯನ್ನೂ ದಂಡವಿಲ್ಲದೆ ಬದಲಿಸಬಹುದು. ನನ್ನ ಅಳಿಯ ಅದನ್ನು ಒಂದು ಸಲ ಮೂರನೆಯ ವಾರದಲ್ಲೇ ಪ್ರಯೋಗಿಸಿ ಡಿಸೆಂಬರಿನವರೆಗೆ ಬರಿಗೈಯಲ್ಲಿ ಕುಳಿತಿದ್ದ.

ನಾಯಕನೆಂದು ಗುರುತಿಸಿದವನ ಅಂಕ ಇಮ್ಮಡಿಯಾಗುತ್ತದೆ. ಅವನು ಆಡದಿದ್ದರೆ ಉಪನಾಯಕನಿಗೆ ಆ ಪದವಿ. ಉಪನಾಯಕನನ್ನು ಹುಡುಗರು ಕಣ್ಣುಮುಚ್ಚಿ ಆರಿಸುತ್ತಾರೆ, ಅದು ತಪ್ಪು. ಹೊರಗೆ ಕುಳ್ಳಿರಿಸುವ ನಾಲ್ವರ ಅನುಕ್ರಮವೂ ಅಷ್ಟೇ ಮುಖ್ಯ, ಏಕೆಂದರೆ ಯಾರಾದರೂ ಗೈರಾದರೆ ಒಳಗೆ ಬರುವುದು ಅದೇ ಸಾಲಿನಲ್ಲಿ. ಇನ್ನು ಗಡಿಯಾರದ ವಿಚಾರ. ವಾರದ ಮೊದಲ ಪಂದ್ಯಕ್ಕೆ ಒಂದೂವರೆ ಗಂಟೆ ಮೊದಲು ಬಾಗಿಲು ಮುಚ್ಚುತ್ತದೆ. ಶನಿವಾರದ ಮಧ್ಯಾಹ್ನದ ಪಂದ್ಯವಾದರೆ ನಮಗೆ ಮೂರೂವರೆ. ಅಕ್ಟೋಬರಿನ ಕೊನೆಯ ಭಾನುವಾರ ಇಂಗ್ಲೆಂಡಿನವರು ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದ ಮೇಲೆ ಅದು ನಾಲ್ಕೂವರೆ. ಮಾರ್ಚಿನ ಕೊನೆಯಲ್ಲಿ ಮತ್ತೆ ಮೂರೂವರೆ. ಐದು ತಿಂಗಳ ಅಭ್ಯಾಸದಿಂದ ನಾಲ್ಕೂವರೆಗೆಂದು ನಿಧಾನವಾಗಿ ಬಂದು, ಮುಚ್ಚಿದ ಬಾಗಿಲನ್ನು ಕಂಡವರಲ್ಲಿ ಈ ಲೇಖಕನೂ ಒಬ್ಬ. ಶುಕ್ರವಾರ ರಾತ್ರಿಯ ಪಂದ್ಯವಿದ್ದರಂತೂ ಇಲ್ಲಿ ಹನ್ನೊಂದು ಗಂಟೆ, ಚಳಿಗಾಲದಲ್ಲಿ ನಡುರಾತ್ರಿ. ಹೋಟೆಲಿನ ಹುಡುಗರು ಮೇಜು ಒರೆಸಿ ಕುರ್ಚಿ ಮಗುಚಿ ಇಡುವ ವೇಳೆ ಅದು.

ಇಷ್ಟೆಲ್ಲ ಹೇಳಿಯೂ ಅದೃಷ್ಟದ ಪಾಲನ್ನು ಮರೆಮಾಚುವುದು ಪ್ರಾಮಾಣಿಕವಾಗದು. ಚದುರಂಗದ ಜಗಜ್ಜೇತ ಮ್ಯಾಗ್ನಸ್ ಕಾರ್ಲ್‌ಸನ್ 2019ರ ಡಿಸೆಂಬರಿನಲ್ಲಿ ಈ ಆಟದ ಲಕ್ಷಾಂತರ ಮಂದಿಯ ಪಟ್ಟಿಯಲ್ಲಿ ಮೊದಲನೆಯವನಾಗಿ ನಿಂತದ್ದು ಕೌಶಲದ ಸಾಕ್ಷಿಯೆಂದು ಹುಡುಗರು ಹೇಳುತ್ತಾರೆ. ಆದರೆ ಅಕ್ಟೋಬರಿನಲ್ಲಿ ಬೇಸತ್ತು ಬಿಟ್ಟುಹೋದವನ ತಂಡ, ಯಾರ ಆರೈಕೆಯೂ ಇಲ್ಲದೆ, ರಾತ್ರಿಯೆಲ್ಲ ಕುಳಿತು ಯೋಚಿಸಿದವನಿಗಿಂತ ಹೆಚ್ಚು ಅಂಕ ಗಳಿಸಿದ ವಾರಗಳೂ ಉಂಟು. ಅಂಥ ತಂಡಗಳ ಬಗೆಗೇ ನನ್ನ ಮುಖ್ಯವಾದ ಅಸಮಾಧಾನ. ಆಗಸ್ಟಿನಲ್ಲಿ ಇಪ್ಪತ್ತು ಮಂದಿ ಉತ್ಸಾಹದಿಂದ ಸೇರುತ್ತಾರೆ, ದೀಪಾವಳಿಯ ಹೊತ್ತಿಗೆ ಏಳೆಂಟು ತಂಡಗಳು ಅನಾಥವಾಗಿರುತ್ತವೆ. ಮಂಡಿ ಮುರಿದುಕೊಂಡ ನಾಯಕನೊಬ್ಬ ತಿಂಗಳುಗಟ್ಟಲೆ ನಾಯಕನಾಗಿಯೇ ಉಳಿದಿರುತ್ತಾನೆ. ಕಾಸು ಕಟ್ಟಿಲ್ಲವಲ್ಲ, ಬಿಟ್ಟರೇನು ಎನ್ನುತ್ತಾರೆ. ಕಾಸು ಕಟ್ಟದ ಮಾತ್ರಕ್ಕೆ ಕೂಡಿ ಆಡುವವರಿಗೆ ಕೊಟ್ಟ ಮಾತು ಹಗುರವಾಗುವುದೇ? ಹಣವಿದ್ದರೆ ಮಾತ್ರ ಶ್ರದ್ಧೆ ಹುಟ್ಟುತ್ತದೆ ಎಂಬ ವಾದವನ್ನು ಹಣದ ಆಟದ ಕಂಪನಿಗಳು ಆಡಿದರೆ ನನಗೆ ಆಶ್ಚರ್ಯವಿಲ್ಲ. ನಮ್ಮ ಹುಡುಗರು ಅದಕ್ಕೆ ಪ್ರಮಾಣ ಒದಗಿಸಬಾರದು. ಕೆಲವು ಕೋಣೆಗಳಲ್ಲಿ ತಲಾ 500 ರೂಪಾಯಿ ಕೂಡಿಸಿ ಗೆದ್ದವನಿಗೆ ಕೊಡುವ ಪದ್ಧತಿ ಹೊಸದಾಗಿ ಹೊರಟಿರುವುದನ್ನು ಕೇಳಿದ್ದೇನೆ. ಮುಂಬಾಗಿಲಿನಿಂದ ಕಳುಹಿಸಿದವನನ್ನು ಹಿತ್ತಿಲಿನಿಂದ ಕರೆತರುವ ಈ ಏರ್ಪಾಡು ನನಗೆ ಒಪ್ಪಿಗೆಯಿಲ್ಲ.

ದೂರದ ಇಂಗ್ಲೆಂಡಿನ ಆಟಗಾರರ ಗೊಡವೆ ನಮಗೇಕೆ ಎಂದು ಕೇಳುವವರಿಗೆ ಉತ್ತರ ಪುಣೆಯಲ್ಲಿಯೇ ಇದೆ. ಬಾಲೇವಾಡಿಯ ಕ್ರೀಡಾಂಗಣದಲ್ಲಿ ಪುಣೆ ಎಫ್.ಸಿ. ಆಡುತ್ತಿತ್ತು, 2012-13ರಲ್ಲಿ ಐ-ಲೀಗಿನಲ್ಲಿ ಎರಡನೆಯ ಸ್ಥಾನ ಪಡೆದಿತ್ತು. ಅದು ಹೋಯಿತು. 2014ರಲ್ಲಿ ಬಂದ ಎಫ್.ಸಿ. ಪುಣೆ ಸಿಟಿ 2019ರಲ್ಲಿ ಮುಚ್ಚಿ, ಅದರ ಸ್ಥಾನ ಹೈದರಾಬಾದಿನ ಪಾಲಾಯಿತು. ಕೂಗಲು ಊರಿನ ತಂಡವಿಲ್ಲದವನು ಮನೋರಾಜ್ಯದಲ್ಲಿ ತಂಡ ಕಟ್ಟಿದರೆ ತಪ್ಪೇನು? ಆದರೂ ಒಂದು ಮಾತು. 2023ರ ಮಾರ್ಚಿನಲ್ಲಿ ರಿಯಾದಿನಲ್ಲಿ ಕರ್ನಾಟಕವು ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಆ ತಂಡದ ಇಬ್ಬರ ಹೆಸರನ್ನು ಹೇಳಿರೆಂದು ಕೇಳಿದಾಗ, ಚೆಲ್ಸಿಯ ಮೂರನೆಯ ಗೋಲಿಯ ಹೆಸರನ್ನೂ ಬಲ್ಲ ನಮ್ಮ ಹುಡುಗರು ಮೇಜನ್ನು ನೋಡತೊಡಗಿದರು.

ಮೇಜೆಂದಾಗ ಇನ್ನೊಂದು ನೆನಪಾಗುತ್ತದೆ. ಈ ಬಗೆಯ ಆಟಗಳು ಹರಡಿದ್ದು ಭೋಜನಶಾಲೆಗಳಿಂದ. 1962ರಲ್ಲಿ ಅಮೆರಿಕೆಯ ಓಕ್‌ಲೆಂಡಿನ ಕಾಲ್ಚೆಂಡು ಪಂಗಡವೊಂದರ ಪಾಲುದಾರ ಬಿಲ್ ವಿಂಕನ್‌ಬಾಕ್ ಮತ್ತು ಗೆಳೆಯರು ಪಂದ್ಯಕ್ಕೆಂದು ನ್ಯೂಯಾರ್ಕಿಗೆ ಹೋಗಿದ್ದಾಗ ಇದರ ಮೊದಲ ನಿಯಮಗಳನ್ನು ರಚಿಸಿದರು. 1980ರಲ್ಲಿ ಡ್ಯಾನಿಯಲ್ ಓಕ್ರೆಂಟ್ ಎಂಬ ಲೇಖಕ ಬೇಸ್‌ಬಾಲಿಗೆ ಅಂಥದೇ ಆಟ ಕಟ್ಟಿದಾಗ, ಗೆಳೆಯರು ಕೂಡುತ್ತಿದ್ದ ಅದೇ ನಗರದ 'ಲಾ ರೋಟಿಸರಿ ಫ್ರಾನ್ಸೇಸ್' ಎಂಬ ಹೋಟೆಲಿನ ಹೆಸರನ್ನೇ ಅದಕ್ಕಿಟ್ಟರು. ತುಳುನಾಡಿನಿಂದ ಬಂದ ಜಗನ್ನಾಥ ಶೆಟ್ಟರು ರೂಪಾಲಿ, ವೈಶಾಲಿಗಳನ್ನು ಕಟ್ಟಿ ಬೆಳೆಸಿದ ರಸ್ತೆಯಲ್ಲಿ ನಮ್ಮವರ ಇಂಥ ಕೂಟ ಸೇರುವುದು ಸಹಜವಾಗಿಯೇ ಇದೆ.

ನಮ್ಮ ಕೂಟದಲ್ಲಿ 17 ತಂಡಗಳಿವೆ. ಮೂರು ತಂಡಗಳ ಒಡೆಯರು ಪುಣೆಯನ್ನು ಬಿಟ್ಟು ದುಬೈ, ಮುಂಬಯಿಗಳಿಗೆ ಹೋದರೂ ತಂಡವನ್ನು ಬಿಟ್ಟಿಲ್ಲ, ವಾರಕ್ಕೊಮ್ಮೆ ಅವರ ದನಿ ಕೇಳುವುದು ಇದರ ನೆವದಿಂದಲೇ. ಪಣ ಬೇಡವೆಂದು ಮೊದಲೇ ತೀರ್ಮಾನವಾಯಿತು. ಸೋತವನು ಎಲ್ಲರಿಗೂ ಕಾಫಿ ಕೊಡಿಸಲಿ ಎಂದು ಅಳಿಯ ಸೂಚಿಸಿದ. ಅದೂ ಪಣವೇ ಎಂದು ನಾನು ತಡೆದೆ. (ಹದಿನೇಳು ಕಾಫಿಯ ಬೆಲೆಯನ್ನು ಗಲ್ಲಾದಲ್ಲಿ ಕುಳಿತವನು ಬಲ್ಲ.) ಕಡೆಗೆ ಆದ ಏರ್ಪಾಡೆಂದರೆ, ತಿಂಗಳ ಕೊನೆಯಲ್ಲಿ ಪಟ್ಟಿಯ ತಳದಲ್ಲಿರುವವರು ತಮ್ಮ ತಪ್ಪುಗಳ ಸಮಜಾಯಿಷಿಯನ್ನು ಕನ್ನಡದಲ್ಲಿ ಒಂದು ಪುಟ ಬರೆದು ಎಲ್ಲರ ಮುಂದೆ ಓದಬೇಕು. ಋತುವಿನ ನಡುವೆ ಬಿಟ್ಟುಹೋದವರಿಗೆ ಮರುವರ್ಷ ಪ್ರವೇಶವಿಲ್ಲ. ಈ ಎರಡನೆಯ ನಿಯಮದಿಂದ ದೀಪಾವಳಿಯ ಮೇಲೂ ಹದಿನೇಳು ತಂಡಗಳು ಜೀವಂತವಾಗಿ ಉಳಿದವು.

ಮೊದಲ ತಿಂಗಳು ನಾನೇ ಓದಿದೆ. ಎರಡನೆಯ ತಿಂಗಳು ಸರದಿ ಬಂದದ್ದು ಇಲ್ಲಿಯೇ ಹುಟ್ಟಿ, ಮರಾಠಿ ಶಾಲೆಯಲ್ಲಿ ಕಲಿತು, ಈಗ ಕಾಲೇಜಿಗೆ ಹೋಗುತ್ತಿರುವ ಒಬ್ಬ ಹುಡುಗಿಗೆ. ಮನೆಯಲ್ಲಿ ಕನ್ನಡ ಆಡಿದ್ದುಂಟು, ಒಂದು ಸಾಲು ಬರೆದದ್ದಿಲ್ಲ. ತಾಯಿಯಿಂದ ಕೇಳಿ ಕೇಳಿ ನಾಲ್ಕು ದಿನ ಬರೆದಳಂತೆ. ಒತ್ತಕ್ಷರಗಳು ಅಲ್ಲಲ್ಲಿ ಜಾರಿದ್ದವು, 'ಮಾರಾಟ' ಎಂಬಲ್ಲಿ ಮರಾಠಿಯ 'ವಿಕ್ರಿ' ನುಸುಳಿತ್ತು. ಆದರೆ ಆ ರಕ್ಷಕನನ್ನು ಏಕೆ ಮಾರಿದೆನೆಂಬುದಕ್ಕೆ, ಮುಂದಿನ ಐದು ಪಂದ್ಯಗಳ ಎದುರಾಳಿಗಳನ್ನು ಒಂದೊಂದಾಗಿ ಎಣಿಸಿ, ಅವಳು ಕೊಟ್ಟ ಕಾರಣದಲ್ಲಿ ಯಾರಿಗೂ ತಪ್ಪು ಕಾಣಿಸಲಿಲ್ಲ. ಮರುದಿನ ಸಂಜೆಯ ಪಂದ್ಯದಲ್ಲಿ ಆ ರಕ್ಷಕ ತಲೆಯಿಂದ ಒಂದು ಗೋಲು ಹೊಡೆದ. "ಮಾವ, ಇನ್ನೊಂದು ಪುಟ ಬರೆಯಬೇಕೇ?" ಎಂದು ರಾತ್ರಿ ಹತ್ತು ಗಂಟೆಗೆ ಅವಳು ನನಗೆ ಫೋನು ಮಾಡಿದಳು.